ಜಾನಿ ಕ್ಯಾಶ್ ಮತ್ತು ಟಾಮ್ ಪೆಟ್ಟಿ ತಂಡದ 'ಅನ್‌ಚೈನ್ಡ್': ಪದೇ ಪದೇ ಕೇಳುವ ಪ್ರಶ್ನೆಗಳು

ಈ ಆಲ್ಬಮ್ ಬಗ್ಗೆ ಗೆಳೆಯರು ಮಾತಿನ ಮಧ್ಯೆ ಕೇಳಿದ್ದು, ಓದುಗರು ಬರೆದು ಕೇಳಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಒಳಗಿನ ವಿಷಯ ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯಿಂದಲೇ ಓದಲು ಶುರು ಮಾಡಬಹುದು.

## ಮೊದಲ ಪರಿಚಯ

ಜಾನಿ ಕ್ಯಾಶ್ ಅನ್ನೋ ಹೆಸರು ಕೇಳಿದ್ದೀನಿ, ಅಷ್ಟೇ. ಯಾರವರು?

ಅಮೆರಿಕದ ಕಂಟ್ರಿ ಗಾಯಕ. 1932ರಲ್ಲಿ ಅರ್ಕನ್ಸಾ ರಾಜ್ಯದ ಕಿಂಗ್ಸ್‌ಲ್ಯಾಂಡ್‌ನಲ್ಲಿ ಹುಟ್ಟಿದರು, ಅದೇ ರಾಜ್ಯದ ಡಾಯೆಸ್ ಎಂಬ ಊರಿನಲ್ಲಿ ಬೆಳೆದರು. ಹತ್ತಿ ಬೆಳೆಯುವ ಬಡ ರೈತರ ಮನೆ. ಚಿಕ್ಕ ವಯಸ್ಸಿನಲ್ಲೇ ಹೊಲದಲ್ಲಿ ಹತ್ತಿ ಬಿಡಿಸಿದ ಕೈ ಅವರದು. 1955ರಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್‌ನಿಂದ ಮೊದಲ ಹಾಡು ಬಂತು. ಆಳವಾದ, ನೆಲಕ್ಕೆ ಹತ್ತಿರದ ದನಿ. ಉಡುಪು ಸದಾ ಕಪ್ಪು. ಜೈಲುಗಳಿಗೆ ಹೋಗಿ ಕೈದಿಗಳ ಮುಂದೆ ಹಾಡಿದವರು. 2003ರ ಸೆಪ್ಟೆಂಬರ್ 12ರಂದು ತೀರಿಕೊಂಡರು.

ಕಂಟ್ರಿ ಅಂದ್ರೆ ನಮ್ಮ ಜಾನಪದ ಇದ್ದ ಹಾಗಾ?

ಅರ್ಧ ಹೌದು. ಹೊಲ, ರೈಲು, ಕುಡಿತ, ದೇವರು, ಬಿಟ್ಟು ಬಂದ ಊರು, ಕೈಕೊಟ್ಟ ಪ್ರೀತಿ ಎಲ್ಲ ಅದರಲ್ಲಿದೆ. ಮಾತು ಸರಳ, ಕಥೆ ನೇರ. ಆದರೆ ನಮ್ಮ ಬೀಸುಕಲ್ಲಿನ ಪದಗಳ ಹಾಗೆ ಬರೆದವರ ಹೆಸರಿಲ್ಲದೆ ಬಾಯಿಂದ ಬಾಯಿಗೆ ಬಂದದ್ದು ಕಡಿಮೆ. ಕಂಟ್ರಿ ಬೆಳೆದದ್ದೇ ರೆಕಾರ್ಡ್ ಮತ್ತು ರೇಡಿಯೋ ಜೊತೆಗೆ. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಎಂಬ ಊರಿನಲ್ಲಿ ಕಾರ್ಟರ್ ಫ್ಯಾಮಿಲಿ ಮತ್ತು ಜಿಮ್ಮಿ ರಾಜರ್ಸ್ ಮೊದಲ ಬಾರಿಗೆ ಹಾಡಿ ಧ್ವನಿಮುದ್ರಣ ಮಾಡಿಸಿದರು. ಕಂಟ್ರಿ ಸಂಗೀತದ ಕಥೆಯನ್ನು ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ಆಮೇಲೆ ನ್ಯಾಶ್‌ವಿಲ್ ನಗರ ಅದರ ರಾಜಧಾನಿಯಾಯಿತು. ಅಂದರೆ ಜಾನಪದದ ಬೇರು, ಪೇಟೆಯ ಮರ.

'ಅನ್‌ಚೈನ್ಡ್' ಮುಖಪುಟದಲ್ಲಿ ಬ್ಯಾಂಡ್ ಹೆಸರೇ ಇಲ್ಲವಲ್ಲ? ನಿಜಕ್ಕೂ ಜೊತೆಯಲ್ಲಿ ಮಾಡಿದ್ದಾ?

ನಿಜಕ್ಕೂ ಜೊತೆಯಲ್ಲೇ. 1996ರ ನವೆಂಬರ್‌ನಲ್ಲಿ ಬಂದ ಈ ಆಲ್ಬಮಿನಲ್ಲಿ 14 ಹಾಡುಗಳಿವೆ. ಹಿಂದೆ ನುಡಿಸಿದ್ದು ಟಾಮ್ ಪೆಟ್ಟಿ ಆಂಡ್ ದ ಹಾರ್ಟ್‌ಬ್ರೇಕರ್ಸ್, ಇಡೀ ತಂಡ. ಆದರೆ ಹೊರಗೆ ಕಾಣುವುದು ಕ್ಯಾಶ್ ಹೆಸರು ಮಾತ್ರ. ಆ ಹೊತ್ತಿಗೆ ಪೆಟ್ಟಿ ತಂಡ ದೊಡ್ಡ ದೊಡ್ಡ ಮೈದಾನ ತುಂಬಿಸುತ್ತಿತ್ತು. ಅಂಥವರು ಮುಖಪುಟದಲ್ಲಿ ಹೆಸರಿಲ್ಲದೆ ಹಿಂದೆ ನಿಂತರು. ಈ ಆಲ್ಬಮ್ ಹೀಗೆ ಕೇಳಿಸುವುದಕ್ಕೆ ಅರ್ಧ ಕಾರಣ ಅದೇ ಅಂತ ನನಗನ್ನಿಸುತ್ತದೆ.

ಹಾರ್ಟ್‌ಬ್ರೇಕರ್ಸ್ ಯಾರ್ ಯಾರು?

ಫ್ಲಾರಿಡಾದ ಗೇನ್ಸ್‌ವಿಲ್ ಊರಿನ ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕಟ್ಟಿದ ರಾಕ್ ತಂಡ. ಮೊದಲ ಆಲ್ಬಮ್ 1976ರಲ್ಲಿ ಬಂತು. 'ಅನ್‌ಚೈನ್ಡ್' ಆಲ್ಬಮಿನಲ್ಲಿ ನುಡಿಸಿದ ತಂಡದವರು ಐದು ಜನ. ಟಾಮ್ ಪೆಟ್ಟಿ, ಗಿಟಾರ್‌ಗೆ ಮೈಕ್ ಕ್ಯಾಂಪ್‌ಬೆಲ್, ಪಿಯಾನೊ ಮತ್ತು ಆರ್ಗನ್‌ಗೆ ಬೆನ್ಮಾಂಟ್ ಟೆಂಚ್, ಬಾಸ್ ಗಿಟಾರ್‌ಗೆ ಹೋವಿ ಎಪ್‌ಸ್ಟೀನ್, ಡ್ರಮ್ಸ್‌ಗೆ ಸ್ಟೀವ್ ಫೆರೋನ್. ಆದರೆ ಈ ಆಲ್ಬಮಿನಲ್ಲಿ ಯಾರೂ ತಮ್ಮ ವಾದ್ಯಕ್ಕೇ ಅಂಟಿಕೊಂಡು ಕೂತಿಲ್ಲ. ಪೆಟ್ಟಿಯೇ ಬಾಸ್ ಹಿಡಿದದ್ದೂ ಉಂಟು.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮೊದಲು 'ಸದರ್ನ್ ಆಕ್ಸೆಂಟ್ಸ್' ಕೇಳಿ. ನಿಧಾನದ ಹಾಡು, ದನಿ ಪರಿಚಯವಾಗುತ್ತದೆ. ಆಮೇಲೆ 'ರಸ್ಟಿ ಕೇಜ್', ತಂಡದ ಬಲ ಗೊತ್ತಾಗುತ್ತದೆ. ಆಮೇಲೆ ಮೊದಲಿಂದ ಕೊನೆವರೆಗೆ ಒಂದೇ ಸಲ. ನಾನು ಇದನ್ನು ಮೊದಲು ಪೂರ್ತಿ ಕೇಳಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ತುಮಕೂರು ದಾಟುವಷ್ಟರಲ್ಲಿ ನಿದ್ದೆಯ ಆಸೆ ಬಿಟ್ಟಿದ್ದೆ.

## ಹೇಗೆ ಕೂಡಿಬಂತು

ಅಷ್ಟು ದೊಡ್ಡ ಗಾಯಕನಿಗೆ ರಾಕ್ ಬ್ಯಾಂಡ್ ಯಾಕೆ ಬೇಕಾಯ್ತು?

ಯಾಕೆಂದರೆ ನ್ಯಾಶ್‌ವಿಲ್‌ನ ಕಂಟ್ರಿಯವರೇ ಅವರನ್ನು ಬೇಡ ಅಂದಿದ್ದರು. 1958ರಿಂದ ಕೊಲಂಬಿಯಾ ಕಂಪನಿಗೆ ಹಾಡಿದವರು ಕ್ಯಾಶ್. ಸುಮಾರು 28 ವರ್ಷದ ಮೇಲೆ, 1986ರಲ್ಲಿ ಕಂಪನಿ ಅವರನ್ನು ಕೈಬಿಟ್ಟಿತು. ಬೇರೆ ಕಂಪನಿಗೆ ಹೋದರು, ಅಲ್ಲೂ ರೆಕಾರ್ಡ್ ಮಾರಾಟವಾಗಲಿಲ್ಲ. ಕಂಟ್ರಿ ರೇಡಿಯೋಗೆ ಹೊಸ ಮುಖಗಳು ಬೇಕಾಗಿದ್ದವು. 1988ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. ಆಮೇಲೆ ದವಡೆಯ ನೋವು ವರ್ಷಗಟ್ಟಲೆ ಬಿಡಲಿಲ್ಲ. ಹಾಡುವವನಿಗೆ ದವಡೆ ನೋವು ಅಂದ್ರೆ ಏನು ಅಂತ ಯೋಚಿಸಿ ನೋಡಿ.

ಅದೇ ಹೊತ್ತಿಗೆ ರಾಕ್ ಸಂಗೀತದವರಿಗೆ ಅವರ ಮೇಲೆ ಗೌರವ ಇದ್ದೇ ಇತ್ತು. 1993ರಲ್ಲಿ ಐರ್ಲೆಂಡಿನ ಯು2 ತಂಡ ತಮ್ಮ ಆಲ್ಬಮಿನ ಕೊನೆಯ ಹಾಡನ್ನು ಕ್ಯಾಶ್ ಕೈಯಲ್ಲಿ ಹಾಡಿಸಿತು. ನ್ಯಾಶ್‌ವಿಲ್ ಮುಚ್ಚಿದ ಬಾಗಿಲನ್ನು ರಾಕ್‌ನವರು ತೆರೆದರು. ಹಾಗಾಗಿ ಇದು ವಯಸ್ಸಾದ ಗಾಯಕ ಹುಡುಗರ ಹಿಂದೆ ಓಡಿದ ಕಥೆ ಅಲ್ಲ.

ರಿಕ್ ರೂಬಿನ್ ರಾಪ್ ಮತ್ತು ಮೆಟಲ್ ನಿರ್ಮಾಪಕ ಅಲ್ವಾ? ಅವರು ಇಲ್ಲಿಗೆ ಹೇಗೆ ಬಂದರು?

ಹೌದು. ಡೆಫ್ ಜ್ಯಾಮ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಬೀಸ್ಟೀ ಬಾಯ್ಸ್ ಮತ್ತು ಸ್ಲೇಯರ್ ಜೊತೆ ಕೆಲಸ ಮಾಡಿದವರು. ಕ್ಯಾಶ್‌ಗಿಂತ 31 ವರ್ಷ ಚಿಕ್ಕವರು. ತಾನೇ ಹೋಗಿ ಕ್ಯಾಶ್ ಅವರನ್ನು ಕಂಡು, ನಿಮಗೆ ಇಷ್ಟವಾದ ಹಾಡು ಹಾಡಿ ಅಂದರು. ರೂಬಿನ್ ಮನೆಯ ಕೋಣೆಯಲ್ಲಿ, ಕ್ಯಾಶ್ ಅವರ ಮರದ ಮನೆಯಲ್ಲಿ, ಗಿಟಾರ್ ಮತ್ತು ದನಿ ಎರಡನ್ನೇ ಇಟ್ಟುಕೊಂಡು 'ಅಮೆರಿಕನ್ ರೆಕಾರ್ಡಿಂಗ್ಸ್' ಮಾಡಿದರು. ಅದು 1994ರಲ್ಲಿ ಬಂತು, ಗ್ರ್ಯಾಮಿ ಗೆದ್ದಿತು. 'ಅನ್‌ಚೈನ್ಡ್' ಆ ಸಾಲಿನ ಎರಡನೆಯದು.

ಒಬ್ಬರೇ ಹಾಡಿ ಗೆದ್ದಿದ್ದರಲ್ಲ, ಎರಡನೆಯದಕ್ಕೆ ಬ್ಯಾಂಡ್ ಯಾಕೆ?

ಗೆದ್ದದ್ದನ್ನೇ ಮತ್ತೆ ಮಾಡಿದ್ದರೆ ಅದು ಅಚ್ಚಿಗೆ ಹಾಕಿದ ಹಾಗಾಗುತ್ತಿತ್ತು. ಜೊತೆಗೆ ಕ್ಯಾಶ್ ಶುರುವಿನಿಂದಲೂ ಗುಂಪಿನಲ್ಲೇ ಹಾಡಿ ಬೆಳೆದವರು. ಸನ್ ಕಾಲದಲ್ಲಿ ಲೂಥರ್ ಪರ್ಕಿನ್ಸ್ ಗಿಟಾರ್, ಮಾರ್ಷಲ್ ಗ್ರ್ಯಾಂಟ್ ಬಾಸ್. ಡ್ರಮ್ಸ್ ಇರಲಿಲ್ಲ. ಅದಕ್ಕೆ ಕ್ಯಾಶ್ ತನ್ನ ಗಿಟಾರಿನ ತಂತಿಗಳ ಕೆಳಗೆ ಕಾಗದ ಸಿಕ್ಕಿಸಿ ಬಾರಿಸುತ್ತಿದ್ದರು, ಡ್ರಮ್ ಥರ ಸದ್ದು ಬರಲಿ ಅಂತ. ರೈಲು ಹೋಗುವ ಹಾಗಿನ ಆ ಓಟ ಅವರ ಮೈಯಲ್ಲೇ ಇತ್ತು. ಕೂತು ಒಂಟಿಯಾಗಿ ಹಾಡುವಾಗ ಅದು ಹೊರಗೆ ಬರುವುದು ಕಷ್ಟ.

ತಂಡ ಹುಡುಕಲು ದೂರ ಹೋಗಬೇಕಿರಲಿಲ್ಲ. ಪೆಟ್ಟಿಯ 1994ರ 'ವೈಲ್ಡ್‌ಫ್ಲವರ್ಸ್' ಆಲ್ಬಮ್ ಮಾಡಿದ್ದೇ ರೂಬಿನ್. ಇನ್ನೊಂದು ನಂಟೂ ಇತ್ತು. ಬಾಸ್ ನುಡಿಸುವ ಹೋವಿ ಎಪ್‌ಸ್ಟೀನ್ ಆಗ ಕಾರ್ಲೀನ್ ಕಾರ್ಟರ್ ಅವರ ಸಂಗಾತಿ, ಅವರ ಆಲ್ಬಮುಗಳ ನಿರ್ಮಾಪಕ ಕೂಡ. ಕಾರ್ಲೀನ್ ಅಂದರೆ ಕ್ಯಾಶ್ ಹೆಂಡತಿ ಜೂನ್ ಕಾರ್ಟರ್ ಅವರ ಮಗಳು. ಹಾಗಾಗಿ ಸ್ಟುಡಿಯೋದಲ್ಲಿ ಸೇರಿದ್ದು ಅರ್ಧ ಮನೆಯ ಜನವೇ.

ಬೇರೆ ಯಾರಾದರೂ ಬಂದು ನುಡಿಸಿದ್ದಾರಾ?

ಬಂದಿದ್ದಾರೆ. 'ಸೀ ಆಫ್ ಹಾರ್ಟ್‌ಬ್ರೇಕ್' ಹಾಡಿಗೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಮಿಕ್ ಫ್ಲೀಟ್‌ವುಡ್. 'ಸ್ಪಿರಿಚುವಲ್' ಹಾಡಿಗೆ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ತಂಡದ ಫ್ಲೀ. ಮೊದಲು ಕ್ಯಾಶ್ ತಂಡದಲ್ಲೇ ಇದ್ದ ಮಾರ್ಟಿ ಸ್ಟುವರ್ಟ್ ಗಿಟಾರ್ ಹಿಡಿದು ಬಂದರು. ಸನ್ ಕಾಲದ ಹಳೆಯ ಗೆಳೆಯ ಕಾರ್ಲ್ ಪರ್ಕಿನ್ಸ್ ಕೂಡ ಕ್ಯಾಶ್ ಜೊತೆ ಹಾಡಿದರು. ಆ ಹಾಡುಗಳು ಈ ಆಲ್ಬಮಿನಲ್ಲಿ ಸೇರಲಿಲ್ಲ, 2003ರ 'ಅನ್‌ಅರ್ಥ್ಡ್' ಸಂಗ್ರಹದಲ್ಲಿ ಹೊರಬಂದವು.

## ಹಾಡುಗಳ ಒಳಗೆ

'ರಸ್ಟಿ ಕೇಜ್' ಸೌಂಡ್‌ಗಾರ್ಡನ್ ಹಾಡು. ಅಷ್ಟು ಗಲಾಟೆ ಹಾಡನ್ನ ಕ್ಯಾಶ್ ಹೇಗೆ ಹಾಡಿದ್ರು? ನನಗೆ ಮೂಲವೇ ಇಷ್ಟ.

ಮೂಲ ನನಗೂ ಇಷ್ಟ. ಸಿಯಾಟಲ್‌ನ ಸೌಂಡ್‌ಗಾರ್ಡನ್ ಎಂಬ ರಾಕ್ ತಂಡ 1991ರಲ್ಲಿ ಮಾಡಿದ ಹಾಡು. ಆ ತಂಡದ ಗಾಯಕ ಕ್ರಿಸ್ ಕಾರ್ನೆಲ್ ಬರೆದದ್ದು. ಗಿಟಾರ್ ಗಿರಗಿರನೆ ಸುತ್ತುತ್ತದೆ, ಕಾರ್ನೆಲ್ ದನಿ ಮೇಲೆ ಹಾರುತ್ತದೆ. ಕೊನೆಗೆ ಇಡೀ ಹಾಡು ವೇಗ ಬಿಟ್ಟು ಭಾರವಾಗಿ ಎಳೆಯುತ್ತದೆ, ತಾಳ ಎಣಿಸಲು ಹೋದರೆ ತಪ್ಪುತ್ತದೆ.

ಮೊದಲು ಕೇಳಿಸಿದಾಗ ಕ್ಯಾಶ್‌ಗೆ ಇದು ತನ್ನ ಬಾಯಿಗೆ ಒಗ್ಗುವ ಹಾಡು ಅನ್ನಿಸಲಿಲ್ಲ. ಅನ್ನಿಸದೇ ಇದ್ದದ್ದು ಸಹಜ. ಕಾರ್ನೆಲ್ ಏರಿದ ಎತ್ತರಕ್ಕೆ ಆ ದನಿ ಏರುವುದಿಲ್ಲ. ಆಗ ರೂಬಿನ್ ಹಾಡನ್ನು ಬೇರೆ ಥರ ಕಟ್ಟಿ, ಒಂದು ಮಾದರಿ ಮಾಡಿ ಕೇಳಿಸಿದರು. ಅಲ್ಲಿಂದ ಹಾಡು ಕ್ಯಾಶ್ ಕಡೆಗೆ ತಿರುಗಿತು.

ಏನು ಬದಲಾಯಿತು ಅಂತ ಕಿವಿಗೊಟ್ಟು ಕೇಳಿ. ಶುರುವಿನಲ್ಲಿ ಸಾದಾ ಗಿಟಾರ್ ಬಡಿತ, ಹೆಚ್ಚುಕಮ್ಮಿ ಅವರ ಹಳೆಯ ರೈಲಿನ ಓಟ. ಅದರ ಮೇಲೆ ಅವರು ಮಾತಾಡುವ ಹಾಗೆ ಹಾಡುತ್ತಾರೆ. ಮೂಲದಲ್ಲಿ ಸಾಲುಗಳು ಗಿಟಾರಿನ ಸದ್ದಿನಲ್ಲಿ ಮುಳುಗಿ ಹೋಗುತ್ತಿದ್ದವು. ಇಲ್ಲಿ ಒಂದೊಂದು ಮಾತೂ ಕೇಳಿಸುತ್ತದೆ. ಕೇಳಿಸಿದಾಗ ಗೊತ್ತಾಗುತ್ತದೆ: ಇದು ಪಂಜರದಿಂದ ತಪ್ಪಿಸಿಕೊಂಡು ಓಡುವವನ ಹಾಡು. ಜೈಲುಗಳಲ್ಲಿ ಹಾಡಿದ ಮನುಷ್ಯನಿಗೆ ಇದಕ್ಕಿಂತ ಸರಿಯಾದ ಹಾಡು ಯಾವುದಿದೆ? ಕೊನೆಯ ಭಾಗದಲ್ಲಿ ತಂಡ ಪೂರ್ತಿ ಒಳಗೆ ನುಗ್ಗುತ್ತದೆ. ಅಲ್ಲಿವರೆಗೆ ಅವರು ಕಾದದ್ದರಿಂದಲೇ ಆ ನುಗ್ಗುವಿಕೆ ಎದೆಗೆ ತಾಗುತ್ತದೆ. ಈ ಹಾಡಿಗೆ ಕ್ಯಾಶ್ ಗ್ರ್ಯಾಮಿಗೆ ನಾಮನಿರ್ದೇಶನವೂ ಪಡೆದರು.

ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಹಳೇ ಹಾಡುಗಳನ್ನೇ ಮತ್ತೆ ಹಾಡಿದ್ದಾರೆ, ಹೊಸದು ಬರೆಯೋ ಶಕ್ತಿ ಇರಲಿಲ್ವಾ?

ಹಾಗಲ್ಲ. ಈ ಆಲ್ಬಮಿನಲ್ಲಿ ಕ್ಯಾಶ್ ತಾವೇ ಬರೆದ ಹಾಡು ಮೂರಿವೆ. 'ಕಂಟ್ರಿ ಬಾಯ್' ಅವರ 1957ರ ಮೊದಲ ಆಲ್ಬಮಿನಲ್ಲಿ ಇದ್ದದ್ದು. 'ಮೀನ್ ಐಡ್ ಕ್ಯಾಟ್' 1955ರ ಕಾಲದ್ದು. ಅದು ಅರ್ಧಕ್ಕೆ ನಿಂತಿದೆ ಅಂತ ಅವರಿಗೆ ಅನ್ನಿಸುತ್ತಲೇ ಇತ್ತು. ಈ ಸಲ ಅದಕ್ಕೆ ಇನ್ನೊಂದು ಚರಣ ಸೇರಿಸಿ ಪೂರ್ತಿ ಮಾಡಿದರು. ಹೆಚ್ಚುಕಮ್ಮಿ 40 ವರ್ಷದ ಮೇಲೆ! ಇಪ್ಪತ್ತಮೂರರ ಹುಡುಗ ಶುರು ಮಾಡಿದ ಕಥೆಯನ್ನು ಅರವತ್ತು ದಾಟಿದವನು ಮುಗಿಸುವುದನ್ನು ಸೋಮಾರಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮೂರನೆಯದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಹಾಡುಗಳ ಆಯ್ಕೆ ಕಲಸುಮೇಲೋಗರ ಅನ್ನಿಸುತ್ತೆ. ಇದಕ್ಕೆ ಏನಾದರೂ ಲೆಕ್ಕ ಇದೆಯಾ?

ಮೇಲ್ನೋಟಕ್ಕೆ ಹೌದು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಬೆಕ್ ಎಂಬ ಗಾಯಕ ಬರೆದ 'ರೋ-ಬೋಟ್' (ಹುಟ್ಟು ಹಾಕುವ ದೋಣಿ) ಇದೆ. ಡೀನ್ ಮಾರ್ಟಿನ್ ಹಾಡಿ ಹೆಸರಾದ ಹಾಡಿದೆ. ಆಸ್ಟ್ರೇಲಿಯಾದ ಜೆಫ್ ಮ್ಯಾಕ್ ತಮ್ಮ ದೇಶದ ಊರುಗಳನ್ನು ಪೋಣಿಸಿ ಬರೆದು, ಆಮೇಲೆ ಅಮೆರಿಕದ ಊರುಗಳಿಗೆ ಬದಲಾದ 'ಐ ಹ್ಯಾವ್ ಬೀನ್ ಎವ್ರಿವೇರ್' ಇದೆ.

ಆದರೆ ನಡುವೆ ಎರಡು ಹಾಡುಗಳನ್ನು ಗಮನಿಸಿ. 'ದ ಒನ್ ರೋಸ್' ಜಿಮ್ಮಿ ರಾಜರ್ಸ್ ಹಾಡಿದ್ದು. 'ದ ನೀಲಿಂಗ್ ಡ್ರಂಕರ್ಡ್ಸ್ ಪ್ಲೀ' ಕಾರ್ಟರ್ ಮನೆಯವರು ಬರೆದದ್ದು. ಮೇಲೆ ಹೇಳಿದ 1927ರ ಬ್ರಿಸ್ಟಲ್ ನೆನಪಿದೆಯಲ್ಲ? ಅಲ್ಲಿ ಹಾಡಿದ ಎರಡೂ ಮನೆತನ ಇಲ್ಲಿ ಒಂದೇ ಆಲ್ಬಮಿನಲ್ಲಿ, ಸೌಂಡ್‌ಗಾರ್ಡನ್ ಪಕ್ಕದಲ್ಲಿ ಕೂತಿವೆ. ಕಂಟ್ರಿಯ ಬೇರು ಮತ್ತು ತುದಿಯ ಚಿಗುರು ಎರಡೂ. ಇದು ತಾನಾಗೇ ಆದದ್ದು ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಸಣ್ಣ ಮಾತು. 'ಐ ನೆವರ್ ಪಿಕ್ಡ್ ಕಾಟನ್' ಹಾಡಿನ ನಾಯಕ ಜೀವಮಾನದಲ್ಲಿ ಹತ್ತಿ ಬಿಡಿಸಲಿಲ್ಲ. ಹಾಡುತ್ತಿರುವವರು ಬಿಡಿಸಿದ್ದರು. ಆ ದನಿಯಲ್ಲಿ ಅದು ಗೊತ್ತಾಗುತ್ತದೆ.

ಪೆಟ್ಟಿ ಬರೆದ ಹಾಡನ್ನ ಪೆಟ್ಟಿ ಮುಂದೆಯೇ ಹಾಡೋದು ಮುಜುಗರ ಅಲ್ವಾ?

'ಸದರ್ನ್ ಆಕ್ಸೆಂಟ್ಸ್' 1985ರಲ್ಲಿ ಪೆಟ್ಟಿ ಬರೆದು ಹಾಡಿದ್ದು. ದಕ್ಷಿಣದವರ ಮಾತಿನ ಧಾಟಿ, ಅದನ್ನು ನೋಡಿ ನಗುವ ಹೊರಗಿನವರು, ತೀರಿಹೋದ ತಾಯಿಯ ನೆನಪು ಅದರಲ್ಲಿದೆ. ಬರೆದಾಗ ಪೆಟ್ಟಿಗೆ ಇನ್ನೂ 35 ತುಂಬಿರಲಿಲ್ಲ. ಕ್ಯಾಶ್ ಹಾಡಿದಾಗ ಅದು ಹಿರಿಯನೊಬ್ಬ ಊರಿನ ಪರವಾಗಿ ನಿಂತು ಹೇಳಿದ ಮಾತಾಗುತ್ತದೆ. ಧಾರವಾಡದ ಕನ್ನಡವನ್ನೋ ಮಂಗಳೂರಿನ ಕನ್ನಡವನ್ನೋ ಯಾರಾದರೂ ಅಣಕಿಸಿದಾಗ ಮನಸ್ಸಿಗೆ ಆಗುವುದು ನಮಗೂ ಗೊತ್ತಲ್ವಾ? ಅದನ್ನು ಇಟ್ಟುಕೊಂಡು ಕೇಳಿ. ಇದು ಇನ್ನು ಕ್ಯಾಶ್ ಹಾಡು ಅಂತಲೇ ನನ್ನ ಲೆಕ್ಕ. ಪೆಟ್ಟಿ ಪಕ್ಕದಲ್ಲಿ ಕೂತು ಅದಕ್ಕೆ ನುಡಿಸಿದರು ಅನ್ನುವುದೇ ದೊಡ್ಡದು.

ಕೊನೆಗೂ ಇದು ಕಂಟ್ರಿನಾ, ರಾಕಾ?

ಡ್ರಮ್ಸ್ ಕೇಳಿದರೆ ರಾಕ್. ದನಿ ಕೇಳಿದರೆ ಕಂಟ್ರಿ. ಆದರೆ ಈ ಪ್ರಶ್ನೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಸಾಮಾನ್ಯವಾಗಿ ರಾಕ್ ತಂಡ ಹಿರಿಯ ಗಾಯಕರ ಜೊತೆ ಸೇರಿದಾಗ ಸದ್ದು ಜಾಸ್ತಿ ಆಗುತ್ತದೆ. ಗಾಯಕ ಅತಿಥಿಯಾಗಿ ಬಿಡುತ್ತಾರೆ. ಇಲ್ಲಿ ತಿರುಗುಮುರುಗು. ಕ್ಯಾಶ್ ಯಜಮಾನ, ತಂಡ ಅವರ ಮನೆಯಲ್ಲಿ ಕೆಲಸಕ್ಕೆ ನಿಂತ ಹಾಗೆ. ಕ್ಯಾಂಪ್‌ಬೆಲ್ ಗಿಟಾರ್ ಸಾಲುಗಳ ನಡುವಿನ ಸಂದಿಯಲ್ಲಿ ಮಾತ್ರ ಬರುತ್ತದೆ. ಟೆಂಚ್ ಆರ್ಗನ್ ದನಿಯ ಕೆಳಗೆ ಚಾಪೆ ಹಾಸಿದ ಹಾಗೆ. ಫೆರೋನ್ ಕೈ ಎಲ್ಲೂ ಅವಸರ ಮಾಡುವುದಿಲ್ಲ. ಯಕ್ಷಗಾನದಲ್ಲಿ ಭಾಗವತರ ಪದ ನೋಡಿಕೊಂಡು ಮದ್ದಳೆಯವರು ಪೆಟ್ಟು ಹಾಕುತ್ತಾರಲ್ಲ, ಹಾಗೆ. ತಮ್ಮ ತಂಡ ನುಡಿಸಿದ್ದರಲ್ಲಿ ಇದು ಅತ್ಯುತ್ತಮ ಕೆಲಸಗಳಲ್ಲಿ ಒಂದು ಅಂತ ಪೆಟ್ಟಿಯೇ ಹೇಳಿಕೊಂಡಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಗ್ರ್ಯಾಮಿ ಬಂತು, ಆದ್ರೆ ರೇಡಿಯೋ ಹಾಕಲಿಲ್ಲ ಅಂತಾರೆ. ಆ ಬೆರಳಿನ ಫೋಟೊ ಕಥೆ ನಿಜಾನಾ?

ನಿಜ. 1998ರ ಗ್ರ್ಯಾಮಿಯಲ್ಲಿ 'ಅನ್‌ಚೈನ್ಡ್' ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿ ಗೆದ್ದಿತು. ಕಂಟ್ರಿ ರೇಡಿಯೋ ಮಾತ್ರ ಅದನ್ನು ತಿರುಗಿಯೂ ನೋಡಿರಲಿಲ್ಲ. ಆಗ ರೂಬಿನ್ ಕಂಪನಿ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿಸಿತು. 1969ರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಜಿಮ್ ಮಾರ್ಷಲ್ ತೆಗೆದ ಚಿತ್ರ: ಕ್ಯಾಶ್ ಕ್ಯಾಮೆರಾಕ್ಕೆ ನಡುಬೆರಳು ತೋರಿಸುತ್ತಿರುವುದು. ಜೊತೆಗೆ ನ್ಯಾಶ್‌ವಿಲ್‌ನವರಿಗೂ ಕಂಟ್ರಿ ರೇಡಿಯೋಗೂ ಬೆಂಬಲಕ್ಕೆ ಧನ್ಯವಾದ ಹೇಳುವ ಸಾಲು. ಕೆಲವರಿಗೆ ಇದು ಅತಿ ಅನ್ನಿಸಿತು. ನನಗೆ ಅನ್ನಿಸುವುದಿಲ್ಲ. ಜೀವಮಾನವಿಡೀ ದುಡಿದ ಮನೆ ಹೊರಗೆ ಹಾಕಿದಾಗ ಸಿಟ್ಟು ಬರಬೇಕು.

ಆಮೇಲೆ ಇವರೆಲ್ಲ ಮತ್ತೆ ಒಟ್ಟಿಗೆ ನುಡಿಸಿದರಾ?

ಇಡೀ ಆಲ್ಬಮ್ ಒಟ್ಟಿಗೆ ಮಾಡಲಿಲ್ಲ. 1997ರಲ್ಲಿ ಕ್ಯಾಶ್ ಆರೋಗ್ಯ ಕೆಟ್ಟಿತು, ಪ್ರವಾಸ ನಿಂತಿತು. ಆದರೆ 2000ದ ಮೂರನೆಯ ಆಲ್ಬಮಿನಲ್ಲಿ ಪೆಟ್ಟಿಯ 'ಐ ವೋಂಟ್ ಬ್ಯಾಕ್ ಡೌನ್' ಹಾಡಿದರು, ಪೆಟ್ಟಿ ದನಿಗೂಡಿಸಿದರು. ಕ್ಯಾಂಪ್‌ಬೆಲ್ ಮತ್ತು ಟೆಂಚ್ ಮುಂದಿನ ಆಲ್ಬಮುಗಳಿಗೂ ಬಂದು ನುಡಿಸಿದರು. ಎಲ್ಲರಿಗೂ ಗೊತ್ತಿರುವ 'ಹರ್ಟ್' ಇರುವುದು 2002ರ ನಾಲ್ಕನೆಯದರಲ್ಲಿ. ಎಪ್‌ಸ್ಟೀನ್ 2003ರ ಫೆಬ್ರವರಿಯಲ್ಲಿ, ಕ್ಯಾಶ್ ಹೆಂಡತಿ ಜೂನ್ ಕಾರ್ಟರ್ ಮೇ ತಿಂಗಳಲ್ಲಿ, ಕ್ಯಾಶ್ ಸೆಪ್ಟೆಂಬರಿನಲ್ಲಿ ಹೋದರು. ಪೆಟ್ಟಿ ಮತ್ತು ಕಾರ್ನೆಲ್ ಇಬ್ಬರೂ 2017ರಲ್ಲಿ.

ಇದು ಇಷ್ಟ ಆಯ್ತು. ಇಂಥದ್ದೇ ಬೇರೆ ಏನು ಕೇಳಲಿ?

1972ರ 'ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್'. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್‌ನ ಉದ್ದ ಕೂದಲಿನ ಹುಡುಗರು ನ್ಯಾಶ್‌ವಿಲ್‌ಗೆ ಹೋಗಿ ಮೇಬೆಲ್ ಕಾರ್ಟರ್, ರಾಯ್ ಏಕಫ್, ಡಾಕ್ ವಾಟ್ಸನ್ ಅವರಂಥ ಹಿರಿಯರ ಜೊತೆ ಕೂತು ನುಡಿಸಿದ್ದು. ಆಮೇಲೆ 2004ರ 'ವ್ಯಾನ್ ಲಿಯರ್ ರೋಸ್', ಎಪ್ಪತ್ತು ದಾಟಿದ ಲೊರೆಟ್ಟಾ ಲಿನ್ ಮತ್ತು ವೈಟ್ ಸ್ಟ್ರೈಪ್ಸ್‌ನ ಜ್ಯಾಕ್ ವೈಟ್. ಹಾಡುಗಳೆಲ್ಲ ಲಿನ್ ಬರೆದವು. ಇದು 'ಅನ್‌ಚೈನ್ಡ್'ಗಿಂತ ಒರಟು, ಗಿಟಾರ್ ಹೆಚ್ಚು ಮುಂದೆ ಬರುತ್ತದೆ. 2007ರ 'ರೈಸಿಂಗ್ ಸ್ಯಾಂಡ್' ಕೂಡ ಇದೆ, ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲ್ಯಾಂಟ್ ಮತ್ತು ಅಲಿಸನ್ ಕ್ರಾಸ್ ಅವರದು. ತುಂಬಾ ಮೃದು, ರಾತ್ರಿ ಕೇಳುವಂಥದ್ದು.

ನಾನು ಬ್ಯಾಂಡಿನಲ್ಲಿ ಗಿಟಾರ್ ನುಡಿಸ್ತೀನಿ. ನಮ್ಮೂರ ತತ್ವಪದ ಹಾಡೋರ ಜೊತೆ ರೆಕಾರ್ಡ್ ಮಾಡೋ ಆಸೆ. ಇದರಿಂದ ಏನು ಕಲೀಬಹುದು?

ಶ್ರುತಿ ಅವರದೇ ಇರಲಿ. ನಿಮ್ಮ ಗಿಟಾರಿಗೆ ಸುಲಭವಾದ ಶ್ರುತಿಗೆ ಅವರನ್ನು ಎಳೆಯಬೇಡಿ. ಮೆಟ್ರೊನೋಮ್ ಹಾಕುವ ಮೊದಲು ಅವರು ಏಕತಾರಿ ಹಿಡಿದು ಹೇಗೆ ಹಾಡುತ್ತಾರೋ ಹಾಗೇ ನಾಲ್ಕಾರು ಸಲ ಕೇಳಿ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಲಯ ಸ್ವಲ್ಪ ಹಿಂದೆ ಬೀಳುತ್ತದೆ ಅಂತ ನೋಡಿ. ಡ್ರಮ್ಸ್ ಅದರ ಹಿಂದೆ ಹೋಗಲಿ. ಎಲ್ಲರೂ ಒಂದೇ ಕೋಣೆಯಲ್ಲಿ, ಮುಖ ನೋಡಿಕೊಂಡು ನುಡಿಸಿ. ಪದದ ಅರ್ಥ ತಂಡದ ಪ್ರತಿಯೊಬ್ಬರಿಗೂ ಗೊತ್ತಿರಲಿ, ಡ್ರಮ್ಸ್‌ನವರಿಗೂ. ಮೊದಲ ಎರಡು ಚರಣಕ್ಕೆ ನಿಮ್ಮ ಗಿಟಾರ್ ಬೇಡವೇ ಬೇಡ ಅನ್ನಿಸಿದರೆ ಸುಮ್ನೆ ಕೂತಿರಿ. 'ರಸ್ಟಿ ಕೇಜ್'ನಲ್ಲಿ ಅವರು ಕಾದರಲ್ಲ, ಹಾಗೆ. ಹಣ ಮತ್ತು ಹೆಸರಿನ ವಿಷಯ ರೆಕಾರ್ಡಿಂಗ್‌ಗೆ ಮುಂಚೆಯೇ ಕಾಗದದಲ್ಲಿ ಬರೆದುಕೊಳ್ಳಿ.

ನಿಮಗೆ ಇದರಲ್ಲಿ ತುಂಬಾ ಇಷ್ಟದ ಹಾಡು ಯಾವುದು?

'ಮೀಟ್ ಮಿ ಇನ್ ಹೆವನ್'. ಕ್ಯಾಶ್ ಬರೆದ ಆ ಮೂರನೆಯ ಹಾಡು. ಅವರಿಗೆ ಜ್ಯಾಕ್ ಅಂತ ಒಬ್ಬ ಅಣ್ಣ ಇದ್ದ. ಚರ್ಚಿನ ಬೋಧಕನಾಗಬೇಕು ಅಂದುಕೊಂಡಿದ್ದ ಹುಡುಗ. 1944ರಲ್ಲಿ ಮರ ಕೊಯ್ಯುವ ಗರಗಸಕ್ಕೆ ಸಿಕ್ಕಿ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡ. ಆಗ ಜಾನಿಗೆ 12 ವರ್ಷ. ಆ ದಿನ ಅವರು ಮೀನು ಹಿಡಿಯಲು ಹೋಗಿದ್ದರು. ಅಣ್ಣನ ಸಮಾಧಿಯ ಕಲ್ಲಿನ ಮೇಲಿದ್ದ ಮಾತೇ ಈ ಹಾಡಿನ ಹೆಸರಾಯಿತು. ಅರವತ್ತು ದಾಟಿದ ಕ್ಯಾಶ್ ಅದನ್ನು ಹಾಡುವಾಗ ತಂಡ ತುಂಬಾ ಮೆಲ್ಲಗೆ ನುಡಿಸುತ್ತದೆ. ದನಿ ಒಂದೆರಡು ಕಡೆ ನಡುಗುತ್ತದೆ. ಅದನ್ನು ಯಾರೂ ತಿದ್ದಲು ಹೋಗಿಲ್ಲ.